ಮಾಂಸಖಂಡದ ಬಲವೂ ವಂಶವಾಹಿಗಳ ಕಾರ್ಯವೂ

ಬಲವು ಹುಟ್ಟಿನೊಡನೆ ಬರತಕ್ಕದ್ದು, ಇಲ್ಲದವರಿಗೆ ಅದನ್ನು ತಂದುಕೊಡುವವರಾರು ಎಂಬ ಮಾತನ್ನು ನಾವೆಲ್ಲರೂ ಕೇಳಿರುತ್ತೇವೆ. ಇದರ ಸಂಗಡ ಇನ್ನೆರಡು ಮಾತುಗಳೂ ನಮ್ಮ ಮನೆಗಳಲ್ಲಿ ನಡೆದುಬಂದಿವೆ. ಹೆಣ್ಣುಮಕ್ಕಳ ಮೈ ಸ್ವಭಾವದಿಂದಲೇ ಕೋಮಲವಾದುದರಿಂದ ಆಟ ವ್ಯಾಯಾಮಗಳು ಅವರಿಗೆ ತಕ್ಕವುಗಳಲ್ಲವೆಂಬುದು ಒಂದು. ಅರುವತ್ತು ದಾಟಿದ ಮೇಲೆ ಕಳೆದುಹೋದ ಬಲವು ತಿರಿಗಿ ಬಾರದೆಂಬುದು ಮತ್ತೊಂದು. ಈ ಮೂರು ಮಾತುಗಳನ್ನು ನಂಬಿ ಎಷ್ಟೋ ಮಂದಿ ತಂದೆತಾಯಂದಿರು ದೊಡ್ಡವಳಾದ ಮಗಳನ್ನು ಆಟದ ಬಯಲಿನಿಂದ ಬಿಡಿಸುವರು. ಎಷ್ಟೋ ಮಂದಿ ಅಜ್ಜಿಯಂದಿರು ಕುರ್ಚಿಯಿಂದ ಏಳುವುದಕ್ಕೂ ಮತ್ತೊಬ್ಬರ ಕೈ ಹಿಡಿಯಬೇಕಾಗಿ ಬಂದುದನ್ನು ದೇವರ ಚಿತ್ತವೆಂದು ಒಪ್ಪಿಕೊಂಡು ಸುಮ್ಮನಿರುವರು.

ಈ ನಂಬಿಕೆಗಳಲ್ಲಿ ಸತ್ಯವೆಷ್ಟು, ಅಭ್ಯಾಸಬಲದಿಂದ ಬಂದ ಭ್ರಾಂತಿಯೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ. ವಂಶದಿಂದ ಬಂದದ್ದು ನಿಜವಾಗಿಯೂ ಉಂಟು, ಅದನ್ನು ಅಲ್ಲಗಳೆಯಲಾಗದು. ಆದರೆ ವಂಶದಿಂದ ಬರುವಂಥಾದ್ದು ತೂಗಿ ಕಟ್ಟಿಟ್ಟ ಬಲವಲ್ಲ. ಬಲವನ್ನು ಕಟ್ಟುವ ಸೂಚನೆಗಳ ಒಂದು ಭಂಡಾರ. ಆ ಸೂಚನೆಗಳು ಎಚ್ಚತ್ತು ಕೆಲಸಮಾಡಬೇಕಾದರೆ ಶರೀರವು ದುಡಿಯಬೇಕು. ಇದಲ್ಲದೆ, ನಮ್ಮಲ್ಲಿ ಬಲವೆಷ್ಟಿದೆ ಎಂದು ನಮಗೇ ತೋರುವ ಅರಿವು ಯಾವಾಗಲೂ ನಂಬತಕ್ಕ ಸಾಕ್ಷಿಯಲ್ಲ. ಈ ಎರಡು ಸಂಗತಿಗಳನ್ನು ಕ್ರಮವಾಗಿ ನೋಡೋಣ.

೧. ಮಾಂಸಖಂಡವೆಂದರೇನು?

ನಮ್ಮ ಶರೀರದಲ್ಲಿ ಎಲುಬುಗಳನ್ನು ಆಡಿಸತಕ್ಕ ಮಾಂಸಖಂಡಗಳು ೬೦೦ಕ್ಕಿಂತ ಹೆಚ್ಚಾಗಿವೆ. ಈಗಿನ ಪಾಠಪುಸ್ತಕಗಳು ಇವುಗಳನ್ನು ಸ್ನಾಯುಗಳೆಂದು ಕರೆಯುತ್ತವೆ. ಒಂದು ಮಾಂಸಖಂಡವನ್ನು ಬಿಡಿಸಿ ನೋಡಿದರೆ, ನಾರಿನ ಹಗ್ಗದಲ್ಲಿ ಎಳೆಗಳಿರುವಂತೆ, ಸೂಕ್ಷ್ಮವಾದ ತಂತುಗಳು ಕಟ್ಟುಕಟ್ಟಾಗಿ ಕೂಡಿರುವುದು ಕಾಣುವುದು. ಒಂದೊಂದು ತಂತುವೂ ಒಂದು ಜೀವಕೋಶವೇ. ಶರೀರದ ಇತರ ಜೀವಕೋಶಗಳಲ್ಲಿ ಸಾಧಾರಣವಾಗಿ ಒಂದೇ ಕೋಶಕೇಂದ್ರವಿದ್ದರೆ, ಈ ತಂತುಗಳಲ್ಲಿ ಅನೇಕ ಕೋಶಕೇಂದ್ರಗಳಿರುವುದು ಇವುಗಳ ವಿಶೇಷ.

ತಂತುವಿನೊಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಪ್ರೋಟೀನುಗಳ ಎಳೆಗಳು ಒಂದರ ನಡುವೆ ಒಂದು ಸೇರಿಕೊಂಡಿವೆ. ಮಾಂಸಖಂಡವು ಕುಗ್ಗುವಾಗ ಈ ಎಳೆಗಳೇ ಗಿಡ್ಡವಾಗುವುದಿಲ್ಲ; ಒಂದರ ಮಗ್ಗುಲಲ್ಲಿ ಒಂದು ಜಾರುವವು. ಎರಡು ಕೈಗಳ ಬೆರಳುಗಳನ್ನು ಒಂದರ ಸಂದಿಯಲ್ಲಿ ಒಂದನ್ನು ಸೇರಿಸಿ ಒಳಕ್ಕೆ ನೂಕಿದರೆ, ಬೆರಳುಗಳು ಮೊಟಕಾಗದೆ ಕೈಗಳು ಮಾತ್ರ ಹತ್ತಿರವಾಗುವವಷ್ಟೆ. ಇದೂ ಹಾಗೆಯೇ. ಈ ಸಂಗತಿಯನ್ನು ೧೯೫೪ರಲ್ಲಿ ಎರಡು ಜೋಡಿ ಪಂಡಿತರು ಬೇರೆಬೇರೆಯಾಗಿ ಪ್ರಕಟಿಸಿದರು. ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್ಗರ್ಕೆ ಎಂಬವರದು ಒಂದು ಜೋಡಿ; ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಎಂಬವರದು ಇನ್ನೊಂದು. ಈ ನಾಲ್ವರಲ್ಲಿ ಜೀನ್ ಹ್ಯಾನ್ಸನ್ ಸ್ತ್ರೀಯೆಂಬುದನ್ನು ನಮ್ಮ ಬಾಲಕಿಯರು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಮಾಂಸಖಂಡವು ತಾನಾಗಿಯೇ ಕುಗ್ಗುವುದಿಲ್ಲ. ಮಿದುಳಿನ ಅಪ್ಪಣೆಯು ಬೆನ್ನುಹುರಿಯ ಮಾರ್ಗವಾಗಿ ನರಗಳ ಮೂಲಕ ಬಂದು ತಂತುಗಳನ್ನು ಎಬ್ಬಿಸಬೇಕು. ಆದುದರಿಂದ ಬಲವೆಂಬುದು ಎರಡನ್ನು ಅವಲಂಬಿಸಿರುವುದು. ಮೊದಲನೆಯದು, ತಂತುಗಳು ಎಷ್ಟು ದಪ್ಪವಾಗಿ ಗಟ್ಟಿಯಾಗಿವೆ ಎಂಬುದು. ಎರಡನೆಯದು, ನರಗಳು ಒಂದೇ ಸಮಯದಲ್ಲಿ ಎಷ್ಟು ತಂತುಗಳನ್ನು ಕೆಲಸಕ್ಕೆ ಕರೆಯಬಲ್ಲವು ಎಂಬುದು. ಹೊಲದಲ್ಲಿ ಆಳುಗಳು ಗಟ್ಟಿಗರಾಗಿದ್ದರೆ ಸಾಲದು. ಕರೆದಾಗ ಎಲ್ಲರೂ ಒಟ್ಟಾಗಿ ಕೈಹಚ್ಚಲೂ ಬೇಕು.

೨. ವಂಶವಾಹಿಗಳ ಎಚ್ಚರವೂ ನಿದ್ರೆಯೂ

ತಂದೆತಾಯಿಗಳ ಗುಣಲಕ್ಷಣಗಳನ್ನು ಮಕ್ಕಳಿಗೆ ತರುವ ಸೂಕ್ಷ್ಮ ಸೂಚನೆಗಳಿಗೆ ವಂಶವಾಹಿಗಳೆಂದು ಹೆಸರು. ಜೀನುಗಳೆಂದೂ ಹೇಳುವರು. ಇವು ಡಿ.ಎನ್.ಎ. ಎಂಬ ಉದ್ದವಾದ ಎಳೆಯಲ್ಲಿ ಸಾಲಾಗಿ ಬರೆಯಲ್ಪಟ್ಟ ಬರಹದಂತಿವೆ. ರೋಸಲಿಂಡ್ ಫ್ರಾಂಕ್ಲಿನ್ ಎಂಬಾಕೆಯ ಪ್ರಯೋಗಾಲಯದಲ್ಲಿ ತೆಗೆದ ಕ್ಷಕಿರಣದ ಚಿತ್ರಗಳ ಸಹಾಯದಿಂದ ವಾಟ್ಸನ್ ಮತ್ತು ಕ್ರಿಕ್ ಎಂಬವರು ೧೯೫೩ರಲ್ಲಿ ಆ ಎಳೆಯ ರಚನೆಯನ್ನು ಕಂಡುಹಿಡಿದರು. ಪ್ರೋಟೀನುಗಳನ್ನು ಕಟ್ಟುವ ಸೂಚನೆಯುಳ್ಳ ವಂಶವಾಹಿಗಳು ಮನುಷ್ಯನಲ್ಲಿ ಸುಮಾರು ೨೦,೦೦೦ ಇವೆಯೆಂದು ಈಗ ಎಣಿಸಲ್ಪಟ್ಟಿದೆ.

ಇಲ್ಲಿ ವಾಚಕರಿಗೆ ಒಂದು ಸಂಶಯ ಹುಟ್ಟಬಹುದು. ಕಣ್ಣಿನ ಜೀವಕೋಶದಲ್ಲಿಯೂ ತೊಡೆಯ ಮಾಂಸಖಂಡದಲ್ಲಿಯೂ ಇರುವ ಬರಹವು ಒಂದೇ ಆಗಿರುವಲ್ಲಿ, ಕಣ್ಣು ಕಣ್ಣಾಗಿಯೂ ತೊಡೆ ತೊಡೆಯಾಗಿಯೂ ಇರುವುದು ಹೇಗೆ? ಇದಕ್ಕೆ ಉತ್ತರವನ್ನು ನಮ್ಮ ಆರಾಧನೆಯ ಕ್ರಮದಿಂದಲೇ ತಿಳಿಯಬಹುದು. ದೇವಾಲಯದಲ್ಲಿ ಕೂತಿರುವ ಪ್ರತಿಯೊಬ್ಬರ ಕೈಯಲ್ಲಿಯೂ ಇಡೀ ಸಂಗೀತ ಪುಸ್ತಕವಿರುತ್ತದೆ; ಆದರೂ ಬೋಧಕರು ಯಾವ ಸಂಖ್ಯೆಯನ್ನು ಪ್ರಕಟಿಸುವರೋ ಆ ಗೀತೆಯನ್ನು ಮಾತ್ರ ಹಾಡುವೆವು. ಉಳಿದವುಗಳು ಪುಸ್ತಕದಲ್ಲಿಲ್ಲವೆಂದಲ್ಲ, ಆ ಹೊತ್ತಿಗೆ ಕರೆಯಲ್ಪಡಲಿಲ್ಲ, ಅಷ್ಟೇ. ಹಾಗೆಯೇ ಪ್ರತಿಯೊಂದು ಜೀವಕೋಶದಲ್ಲಿ ಎಲ್ಲಾ ವಂಶವಾಹಿಗಳೂ ಇದ್ದರೂ ಕೆಲವು ಎಚ್ಚತ್ತಿರುವವು, ಕೆಲವು ನಿದ್ರಿಸುತ್ತಿರುವವು.

ವಂಶವಾಹಿಯು ಎಚ್ಚತ್ತಿದೆ ಎಂಬುದರ ಅರ್ಥವೇನಂದರೆ, ಅದರ ಬರಹದಿಂದ ಆರ್.ಎನ್.ಎ. ಎಂಬ ನಕಲುಗಳು ತೆಗೆಯಲ್ಪಡುತ್ತವೆ. ಆ ನಕಲುಗಳು ಕೋಶಕೇಂದ್ರದಿಂದ ಹೊರಬಂದು ಪ್ರೋಟೀನುಗಳನ್ನು ಕಟ್ಟಿಸುವವು. ನಕಲುಗಳು ಹೆಚ್ಚಾದಷ್ಟೂ ವಂಶವಾಹಿಯ ಚಟುವಟಿಕೆ ಹೆಚ್ಚೆಂದು ಹೇಳುವರು. ಈ ಎಚ್ಚರಕ್ಕೆ ಎಷ್ಟು ಶಕ್ತಿಯಿದೆ ಎಂಬುದು ೧೯೮೭ರಲ್ಲಿ ಅಮೇರಿಕದ ಸಿಯಾಟಲ್ ನಗರದಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಎಂಬ ಪಂಡಿತನೂ ಅವನ ಸಂಗಡಿಗರೂ ಮಾಡಿದ ಪ್ರಯೋಗದಿಂದ ಗೊತ್ತಾಯಿತು. ಮಯೋ-ಡಿ ಎಂಬ ಒಂದೇ ವಂಶವಾಹಿಯನ್ನು ಮಾಂಸಖಂಡವಲ್ಲದ ಜೀವಕೋಶಗಳಲ್ಲಿ ಎಚ್ಚರಗೊಳಿಸಿದಾಗ ಅವು ಮಾಂಸಖಂಡದ ಜೀವಕೋಶಗಳಾಗಿ ಮಾರ್ಪಟ್ಟವು.

೩. ದುಡಿಮೆಯು ಕರೆಯುವ ವಿಧ

ಹಾಗಾದರೆ ಮಾಂಸಖಂಡದಲ್ಲಿ ಗೀತೆಯ ಸಂಖ್ಯೆಯನ್ನು ಪ್ರಕಟಿಸುವವರಾರು? ಬಹುಮಟ್ಟಿಗೆ ದುಡಿಮೆಯೇ. ಭಾರವನ್ನು ಎತ್ತುವಾಗ ತಂತುಗಳ ಮೇಲೆ ಬೀಳುವ ಎಳೆತವು ಜೀವಕೋಶದೊಳಗೆ ರಾಸಾಯನಿಕ ಸಮಾಚಾರವಾಗಿ ಮಾರ್ಪಟ್ಟು ಕೋಶಕೇಂದ್ರವನ್ನು ಮುಟ್ಟುವುದು. ವ್ಯಾಯಾಮವಾದ ಕೆಲವು ಗಂಟೆಗಳೊಳಗೆ ಅನೇಕ ವಂಶವಾಹಿಗಳ ನಕಲುಗಳು ಹೆಚ್ಚಿ, ಒಂದೆರಡು ದಿನಗಳಲ್ಲಿ ಮತ್ತೆ ಮೊದಲಿನ ಸ್ಥಿತಿಗೆ ಬರುವವು. ಒಂದು ದಿನದ ಕರೆ ಒಂದು ದಿನಕ್ಕೇ ಮುಗಿಯುವುದು. ಮತ್ತೆಮತ್ತೆ ಕರೆದರೆ ಮಾತ್ರ ಕಟ್ಟಡವು ಏಳುವುದು. ಬೇರೆ ಸಹಾಯಕರೂ ಉಂಟು. ೧೯೬೧ರಲ್ಲಿ ಅಲೆಕ್ಸಾಂಡರ್ ಮೌರೋ ಎಂಬವನು ತಂತುಗಳ ಅಂಚಿನಲ್ಲಿ ಅಂಟಿಕೊಂಡಿರುವ ಸಣ್ಣ ಜೀವಕೋಶಗಳನ್ನು ಕಂಡನು. ತಂತುವಿಗೆ ಪೆಟ್ಟಾದಾಗಲೂ ಹೆಚ್ಚು ದುಡಿಮೆ ಬಿದ್ದಾಗಲೂ ಇವು ವೃದ್ಧಿಯಾಗಿ ತಂತುವಿನೊಡನೆ ಬೆರೆತು ಅದನ್ನು ಸರಿಪಡಿಸುವವು.

ಒಂದೇ ವಂಶದ ಬರಹವು ಕರೆಗನುಸಾರವಾಗಿ ಬೇರೆಬೇರೆ ಫಲವನ್ನು ಕೊಡುವುದೆಂಬುದಕ್ಕೆ ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯವರು ೨೦೧೪ರಲ್ಲಿ ಪ್ರಕಟಿಸಿದ ಪರೀಕ್ಷೆಗಿಂತ ಸ್ಪಷ್ಟವಾದ ದೃಷ್ಟಾಂತವು ಸಿಕ್ಕಲಾರದು. ಅವರು ೨೩ ಮಂದಿ ಯುವಕ ಯುವತಿಯರಿಂದ ಮೂರು ತಿಂಗಳ ವರೆಗೆ ಒಂದೇ ಕಾಲಿಗೆ ವ್ಯಾಯಾಮ ಮಾಡಿಸಿದರು. ಇನ್ನೊಂದು ಕಾಲನ್ನು ಸುಮ್ಮನೆ ಬಿಟ್ಟರು. ಎರಡು ಕಾಲುಗಳೂ ಒಬ್ಬರವೇ. ತಂದೆತಾಯಿಗಳು, ಊಟ, ನಿದ್ರೆ ಎಲ್ಲವೂ ಒಂದೇ. ಹೀಗಿದ್ದರೂ ಪಳಗಿದ ಕಾಲಿನ ಮಾಂಸಖಂಡದಲ್ಲಿ ಸಾವಿರಾರು ವಂಶವಾಹಿಗಳ ಚಟುವಟಿಕೆ ಬದಲಾಗಿತ್ತು. ಡಿ.ಎನ್.ಎ. ಎಳೆಗೆ ಅಂಟಿಕೊಂಡು ವಂಶವಾಹಿಗಳನ್ನು ಏಳಿಸಿ ಮಲಗಿಸುವ ಗುರುತುಗಳೂ ಅನೇಕ ಸ್ಥಳಗಳಲ್ಲಿ ಬೇರೆಯಾಗಿದ್ದವು. ಬರಹದ ಅಕ್ಷರಗಳು ಮಾತ್ರ ಎರಡು ಕಾಲುಗಳಲ್ಲಿಯೂ ಮೊದಲಿದ್ದಂತೆಯೇ ಇದ್ದವು.

ದುಡಿಮೆಯಂತೆ ದುಡಿಮೆಯಿಲ್ಲದಿರುವುದೂ ಒಂದು ಕರೆಯೇ. ಕೈ ಮುರಿದು ಕಟ್ಟು ಹಾಕಿಸಿಕೊಂಡವರು ಕೆಲವು ವಾರಗಳ ಮೇಲೆ ಅದನ್ನು ಬಿಚ್ಚಿಸಿ ನೋಡಿದರೆ ಕೈ ಬಡಕಲಾಗಿರುವುದನ್ನು ಕಾಣುವರು. ಸುಮ್ಮನಿರುವ ಮಾಂಸಖಂಡದಲ್ಲಿ ಪ್ರೋಟೀನುಗಳನ್ನು ಒಡೆದು ಕಳೆಯುವ ಕೆಲವು ವಂಶವಾಹಿಗಳು ಏಳುವವೆಂಬುದು ೨೦೦೧ರಲ್ಲಿ ಬೆಳಕಿಗೆ ಬಂತು. ಭೂಮಿಯ ಸೆಳೆತವು ತಿಳಿಯದ ಆಕಾಶಯಾನದಲ್ಲಿ ದಿನಕಳೆಯುವವರು ನಿತ್ಯವೂ ವ್ಯಾಯಾಮ ಮಾಡಬೇಕಾಗಿರುವುದು ಇದೇ ಕಾರಣದಿಂದ. ಉಪಯೋಗವಿಲ್ಲದ್ದನ್ನು ಸಾಕುವ ದುಂದುಗಾರಿಕೆ ನಮ್ಮ ಶರೀರಕ್ಕೆ ಇಲ್ಲ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿ ಹೇಳತಕ್ಕದ್ದು. ವ್ಯಾಯಾಮವನ್ನು ಹೊಸದಾಗಿ ತೊಡಗಿದವರು ಮೊದಲ ಕೆಲವು ವಾರಗಳಲ್ಲಿ ತೋಳು ದಪ್ಪವಾಗಲಿಲ್ಲವೆಂದು ಬೇಸತ್ತು ಬಿಟ್ಟುಬಿಡುವುದುಂಟು. ಆದರೆ ಆ ಮೊದಲ ದಿನಗಳಲ್ಲಿ ಬರುವ ಬಲವು ಬಹುಪಾಲು ನರಗಳಿಂದ ಬಂದದ್ದೆಂದು ೧೯೭೯ರಲ್ಲಿ ಮೊರಿಟಾನಿ ಮತ್ತು ಡಿವ್ರೀಸ್ ಎಂಬವರು ತೋರಿಸಿಕೊಟ್ಟರು. ಮೊದಲು ನರಗಳು ಹೆಚ್ಚು ತಂತುಗಳನ್ನು ಕರೆಯಲು ಕಲಿಯುವವು. ತಂತುಗಳು ದಪ್ಪವಾಗುವುದು ಬಳಿಕ. ಕಣ್ಣಿಗೆ ಕಾಣುವುದಕ್ಕೆ ಮೊದಲೇ ಕೆಲಸ ನಡೆದಿರುವುದು.

೪. ವಂಶದ ಪಾಲೆಷ್ಟು?

ಇಷ್ಟರಿಂದ ವಂಶವು ಏನೂ ಅಲ್ಲವೆಂದು ತಿಳಿಯಬಾರದು. ಅವಳಿ ಮಕ್ಕಳನ್ನು ಹೋಲಿಸಿ ನೋಡಿದ ಅನೇಕ ಪರೀಕ್ಷೆಗಳ ಪ್ರಕಾರ, ಜನರಲ್ಲಿ ಬಲದ ವಿಷಯವಾಗಿ ಕಾಣುವ ಹೆಚ್ಚುಕಡಿಮೆಯಲ್ಲಿ ಸುಮಾರು ಅರ್ಧದಷ್ಟು ವಂಶದ ಭೇದದಿಂದ ಉಂಟಾದದ್ದು.

ಬಲವನ್ನು ಬೆಳೆಯಗೊಡದೆ ತಡೆಯುವ ವಂಶವಾಹಿಯೂ ಉಂಟು. ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡ್ರಾ ಮೆಕ್‌ಫೆರಾನ್, ಆನ್ ಲಾಲರ್, ಸೆ-ಜಿನ್ ಲೀ ಎಂಬವರು ೧೯೯೭ರಲ್ಲಿ ಮಯೋಸ್ಟಾಟಿನ್ ಎಂಬ ಪ್ರೋಟೀನಿನ ವಂಶವಾಹಿಯನ್ನು ಕೆಡಿಸಿದ ಇಲಿಗಳನ್ನು ಬೆಳೆಸಿದರು. ಅವುಗಳ ಮಾಂಸಖಂಡಗಳು ಬೇರೆ ಇಲಿಗಳವುಗಳಿಗಿಂತ ಎರಡು ಮೂರರಷ್ಟು ದಪ್ಪವಾದವು. ಬೆಲ್ಜಿಯಂ ದೇಶದ ಒಂದು ಜಾತಿಯ ದನಗಳು ಅತಿಶಯವಾದ ಮಾಂಸಲತೆಯಿಂದ ಹೆಸರಾಗಿರುವುದಕ್ಕೂ ಇದೇ ವಂಶವಾಹಿಯ ದೋಷವು ಕಾರಣವೆಂದು ಆ ವರ್ಷವೇ ತಿಳಿದುಬಂತು. ೨೦೦೪ರಲ್ಲಿ ಜರ್ಮನಿಯ ವೈದ್ಯರು ಇಂಥ ಭೇದವುಳ್ಳ ಒಂದು ಗಂಡುಮಗುವಿನ ವೃತ್ತಾಂತವನ್ನು ಪ್ರಕಟಿಸಿದರು. ಇಂಥ ಮನುಷ್ಯರು ಬಹಳ ವಿರಳ.

ಆದರೆ ಸಾಧಾರಣವಾಗಿ ಕಾಣುವ ಭೇದಗಳ ಪ್ರಭಾವವು ಒಂದೊಂದಾಗಿ ನೋಡಿದರೆ ಅಲ್ಪವೇ. ವೇಗವಾಗಿ ಕುಗ್ಗುವ ತಂತುಗಳಲ್ಲಿ ಆಲ್ಫಾ-ಆಕ್ಟಿನಿನ್-೩ ಎಂಬ ಒಂದು ಪ್ರೋಟೀನಿರುವುದು. ಅದರ ವಂಶವಾಹಿಯಲ್ಲಿ ಒಂದು ಅಕ್ಷರವು ಬದಲಾಗಿರುವ ಕಾರಣದಿಂದ, ಲೋಕದ ಜನರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಈ ಪ್ರೋಟೀನು ಸ್ವಲ್ಪವೂ ಇಲ್ಲ. ಅವರು ರೋಗಿಗಳಲ್ಲ, ನಮ್ಮ ನಿಮ್ಮಂತೆಯೇ ಇರುವರು. ೨೦೦೩ರಲ್ಲಿ ಆಸ್ಟ್ರೇಲಿಯದ ಪಂಡಿತರು ವೇಗದ ಓಟಗಾರರಲ್ಲಿ ಇಂಥವರು ಕಡಿಮೆಯೆಂದು ಕಂಡರು. ಇದನ್ನೇ ಹಿಡಿದುಕೊಂಡು, ಮಗುವಿನ ಉಗುಳನ್ನು ಪರೀಕ್ಷಿಸಿ ಅದು ಯಾವ ಆಟದಲ್ಲಿ ಮುಂದೆ ಬರುವುದೆಂದು ಹೇಳಿಕೊಡುವೆವೆಂದು ಹಣ ಕೇಳುವ ವ್ಯಾಪಾರವು ಅನೇಕ ದೇಶಗಳಲ್ಲಿ ಹುಟ್ಟಿತು. ಕ್ರೀಡಾವಿಜ್ಞಾನದ ತಜ್ಞರು ೨೦೧೫ರಲ್ಲಿ ಒಮ್ಮತದಿಂದ ಪ್ರಕಟಿಸಿದ ಅಭಿಪ್ರಾಯವೇನಂದರೆ, ಮಕ್ಕಳ ಯೋಗ್ಯತೆಯನ್ನು ಆರಿಸುವುದರಲ್ಲಿ ಇಂಥ ಪರೀಕ್ಷೆಗಳಿಗೆ ಯಾವ ಸ್ಥಾನವೂ ಇಲ್ಲ. ತಂದೆತಾಯಂದಿರು ಇದನ್ನು ಮನಸ್ಸಿನಲ್ಲಿಡಬೇಕು. ಮಗಳು ಓಡಬಲ್ಲಳೋ ಇಲ್ಲವೋ ಎಂದು ತಿಳಿಯಬೇಕಾದರೆ ಅವಳನ್ನು ಓಡಬಿಡುವುದೇ ಒಳ್ಳೇ ಪರೀಕ್ಷೆ.

೫. ಬಲದ ಅರಿವು

ಇಲ್ಲಿಯ ವರೆಗೆ ಬಲದ ವಿಷಯವನ್ನು ಹೇಳಿದೆವು. ಇನ್ನು ಬಲದ ಅರಿವನ್ನು, ಅಂದರೆ ಒಂದು ವಸ್ತು ಭಾರವೋ ಹಗುರವೋ, ನಾವು ನೂಕಿದ್ದು ಮೆಲ್ಲಗೋ ಜೋರಾಗಿಯೋ ಎಂದು ತಿಳಿಯುವ ಶಕ್ತಿಯನ್ನು ನೋಡೋಣ. ಹಸುಗೂಸನ್ನು ಎತ್ತುವುದೂ, ಹೂಜಿಯನ್ನು ಒಡೆಯದೆ ಹಿಡಿಯುವುದೂ, ವೀಣೆಯ ತಂತಿಯನ್ನು ಮೀಟುವುದೂ ಈ ಅರಿವಿಲ್ಲದೆ ಆಗತಕ್ಕವುಗಳಲ್ಲ.

ಲೀಪ್ಸಿಗ್ ನಗರದ ಅಧ್ಯಾಪಕನಾದ ಅರ್ನ್ಸ್ಟ್ ವೇಬರ್ ೧೮೩೪ರಲ್ಲಿ ಒಂದು ಮುಖ್ಯವಾದ ನಿಯಮವನ್ನು ತೋರಿಸಿದನು. ಎರಡು ಭಾರಗಳನ್ನು ಕೈಯಲ್ಲಿ ಎತ್ತಿನೋಡಿ ಭೇದವನ್ನು ತಿಳಿಯಬೇಕಾದರೆ, ಅವುಗಳ ಅಂತರವು ಸುಮಾರು ನಾಲ್ವತ್ತರಲ್ಲಿ ಒಂದು ಪಾಲಾದರೂ ಇರಬೇಕು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ತರದ ಎರಡು ಚೀಲಗಳಲ್ಲಿ ೧ ಕಿಲೋಗ್ರಾಂ ಅಕ್ಕಿಯನ್ನು ತುಂಬಿ, ಒಂದಕ್ಕೆ ಮಾತ್ರ ೧೦ ಗ್ರಾಂ ಹೆಚ್ಚಾಗಿ ಹಾಕಿ ಕಣ್ಣುಮುಚ್ಚಿದವರ ಕೈಗೆ ಕೊಟ್ಟರೆ ಭೇದವು ತಿಳಿಯಲಾರದು. ೧೦೦ ಗ್ರಾಂ ಹೆಚ್ಚಾಗಿ ಹಾಕಿದರೆ ಕೂಡಲೇ ತಿಳಿಯುವುದು. ಚೀಲದಲ್ಲಿ ೧೦ ಕಿಲೋಗ್ರಾಂ ಇದ್ದರೆ ಆ ೧೦೦ ಗ್ರಾಮೂ ತಿಳಿಯದು.

ಈ ಅರಿವನ್ನು ಕೊಡುವ ಅಂಗಗಳು ಮಾಂಸಖಂಡಗಳಲ್ಲಿಯೇ ಅಡಗಿವೆ. ಇಟಲಿಯ ಕಮಿಲ್ಲೋ ಗಾಲ್ಜಿ ಎಂಬವನು ೧೮೮೦ರಲ್ಲಿ ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಕಂಡರದಲ್ಲಿ ಎಳೆತವನ್ನು ಅಳೆಯುವ ಸೂಕ್ಷ್ಮ ಅಂಗಗಳನ್ನು ವರ್ಣಿಸಿದನು. ಮಾಂಸಖಂಡದ ನಡುವೆ ಕದಿರಿನ ಆಕಾರದ ಬೇರೆ ಅಂಗಗಳಿವೆ. ಅವು ಮಾಂಸಖಂಡದ ಉದ್ದವು ಹೆಚ್ಚುಕಡಿಮೆಯಾಗುವುದನ್ನು ತಿಳಿಸುವವು. ಅವು ಅರಿವಿನ ಅಂಗಗಳೇ ಎಂದು ಇಂಗ್ಲೆಂಡಿನ ಶೆರಿಂಗ್ಟನ್ ೧೮೯೪ರಲ್ಲಿ ಸ್ಥಾಪಿಸಿದನು.

ಎಳೆತವು ನರದ ಸಂದೇಶವಾಗುವುದು ಹೇಗೆಂಬುದು ಮಾತ್ರ ಬಹುಕಾಲ ರಹಸ್ಯವಾಗಿಯೇ ಇತ್ತು. ಬೆಯ್ರೂತಿನಲ್ಲಿ ಹುಟ್ಟಿ ಅಮೇರಿಕಕ್ಕೆ ಹೋದ ಆರ್ಡೆಮ್ ಪಟಪೂಟಿಯನ್ ಎಂಬವನೂ ಅವನ ಸಂಗಡಿಗರೂ ೨೦೧೦ರಲ್ಲಿ ಪಿಯೆಜೋ ಎಂಬ ಹೆಸರಿನ ಎರಡು ವಂಶವಾಹಿಗಳನ್ನು ಕಂಡುಹಿಡಿದರು. ಇವು ಕಟ್ಟುವ ಪ್ರೋಟೀನುಗಳು ಜೀವಕೋಶದ ಹೊದಿಕೆಯಲ್ಲಿ ಬಾಗಿಲುಗಳಂತಿದ್ದು, ಹೊದಿಕೆಯನ್ನು ಎಳೆದರೆ ತೆರೆಯುವವು. ಇದಕ್ಕಾಗಿ ಆತನಿಗೆ ೨೦೨೧ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ಎರಡನೆಯ ಪಿಯೆಜೋ ವಂಶವಾಹಿಯು ಹುಟ್ಟಿನಿಂದಲೇ ಕೆಲಸಮಾಡದೆ ಇದ್ದ, ೯ ಮತ್ತು ೧೯ ವರ್ಷದ ಇಬ್ಬರು ರೋಗಿಗಳನ್ನು ಅಮೇರಿಕದ ವೈದ್ಯರು ಪರೀಕ್ಷಿಸಿ ೨೦೧೬ರಲ್ಲಿ ವರದಿಮಾಡಿದರು. ಕಣ್ಣು ತೆರೆದಿರುವಾಗ ಅವರು ಕಷ್ಟಪಟ್ಟಾದರೂ ನಡೆಯಬಲ್ಲವರಾಗಿದ್ದರು. ಕಣ್ಣು ಕಟ್ಟಿದರೆ ಹೆಜ್ಜೆಯಿಡಲಾರದೆ ತೂರಾಡಿದರು. ತಮ್ಮ ಕೈಕಾಲುಗಳು ಎಲ್ಲಿವೆಯೆಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಒಂದು ವಂಶವಾಹಿಯು ಮೌನವಾದುದರಿಂದ ಒಂದು ಅರಿವೇ ಇಲ್ಲದೆ ಹೋಯಿತು.

ಆದರೆ ಭಾರದ ಅರಿವು ಈ ಅಂಗಗಳಿಂದ ಮಾತ್ರ ಬರುವುದಿಲ್ಲ. ಮಿದುಳು ತಾನು ಮಾಂಸಖಂಡಕ್ಕೆ ಎಷ್ಟು ಜೋರಾಗಿ ಅಪ್ಪಣೆಕೊಟ್ಟಿತೋ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಒಂದು ಕೈಯಲ್ಲಿ ನೀರಿನ ಬಕೀಟನ್ನು ದಣಿಯುವ ವರೆಗೆ ಹಿಡಿದು ಕೆಳಗಿಟ್ಟು, ಅನಂತರ ಸಮತೂಕದ ಎರಡು ಚೀಲಗಳನ್ನು ಎರಡು ಕೈಗಳಲ್ಲಿ ಎತ್ತಿರಿ. ದಣಿದ ಕೈಯಲ್ಲಿರುವ ಚೀಲವೇ ಭಾರವೆಂದು ತೋರುವುದು. ಚೀಲವು ಬದಲಾಗಲಿಲ್ಲ, ದಣಿದ ಮಾಂಸಖಂಡವನ್ನು ಎಬ್ಬಿಸಲು ಮಿದುಳು ಹೆಚ್ಚು ಕೂಗಬೇಕಾಯಿತು. ಆಸ್ಟ್ರೇಲಿಯದ ಮೆಕ್ಲಾಸ್ಕಿಯೂ ಅವನ ಸಂಗಡಿಗರೂ ೧೯೭೪ರಲ್ಲಿ ಇಂಥ ಪರೀಕ್ಷೆಗಳಿಂದ ಇದನ್ನು ದೃಢಪಡಿಸಿದರು.

ಇನ್ನೊಂದು ವಿನೋದವಾದ ಪರೀಕ್ಷೆಯು ೨೦೦೩ರಲ್ಲಿ ಲಂಡನಿನಲ್ಲಿ ನಡೆಯಿತು. ಇಬ್ಬಿಬ್ಬರನ್ನು ಕೂರಿಸಿ, ಎದುರಿನವರು ನಿಮ್ಮ ಬೆರಳನ್ನು ಎಷ್ಟು ಒತ್ತಿದರೋ ಅಷ್ಟೇ ನೀವೂ ಒತ್ತಿರಿ ಎಂದು ಹೇಳಲಾಯಿತು. ಇಬ್ಬರೂ ಪ್ರಾಮಾಣಿಕವಾಗಿಯೇ ಒತ್ತಿದರು. ಆದರೂ ಸರದಿಯಿಂದ ಸರದಿಗೆ ಒತ್ತಡವು ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಾಗಿ ಏರುತ್ತಾ ಹೋಯಿತು. ಯಾಕಂದರೆ ತಾನು ಹಾಕಿದ ಬಲವು ಪ್ರತಿಯೊಬ್ಬರಿಗೂ ಇದ್ದದ್ದಕ್ಕಿಂತ ಕಡಿಮೆಯೆಂದು ತೋರುವುದು; ಬೇರೆಯವರು ಹಾಕಿದ್ದು ಹಾಗೆ ತೋರದು. ನಾನು ಮೆಲ್ಲಗೆ ನೂಕಿದೆ, ಅವಳೇ ಜೋರಾಗಿ ನೂಕಿದಳು ಎಂದು ದೂರು ತರುವ ಇಬ್ಬರು ಬಾಲಕಿಯರೂ ಸುಳ್ಳಾಡುತ್ತಿರಲಿಕ್ಕಿಲ್ಲವೆಂಬುದನ್ನು ತಾಯಂದಿರೂ ಉಪಾಧ್ಯಾಯಿನಿಯರೂ ತಿಳಿದಿರುವುದು ಒಳ್ಳೇದು.

ಇದರಿಂದ ಬರುವ ತಾತ್ಪರ್ಯವೇನು? ನಮಗೆ ತಿಳಿಯುವ ಭಾರವು ವಸ್ತುವಿನ ಭಾರವೊಂದೇ ಅಲ್ಲ. ನಮ್ಮ ಬಲಕ್ಕೂ ಅದಕ್ಕೂ ಇರುವ ಪ್ರಮಾಣವೂ ಅದರಲ್ಲಿ ಸೇರಿದೆ. ಬಲವು ಕುಂದಿದವರಿಗೆ ಅದೇ ಕೊಡವು ಹೆಚ್ಚು ಭಾರವಾಗಿ ಕಾಣುವುದು. ಭಾರವೆಂದು ಅದನ್ನು ಎತ್ತದೆ ಬಿಡುವರು. ಎತ್ತದುದರಿಂದ ವಂಶವಾಹಿಗಳಿಗೆ ಕರೆಯಿಲ್ಲದೆ ಬಲವು ಇನ್ನೂ ಕುಂದುವುದು. ಬಲವು ಹೆಚ್ಚಿದವರಿಗಾದರೋ ಅದೇ ಕೊಡವು ಹಗುರವಾಗುವುದು. ಆದುದರಿಂದ ನನ್ನಿಂದಾಗದು ಎಂದು ಮನಸ್ಸಿಗೆ ತೋರುವುದು ಈ ಹೊತ್ತಿನ ವರದಿಯೇ ಹೊರತು ಮುಂದಿನ ತೀರ್ಪಲ್ಲ.

೬. ವೃದ್ಧರ ವಿಷಯವಾಗಿ

ಮುದಿತನದಲ್ಲಿ ಈ ಕರೆಗೆ ಮಾಂಸಖಂಡಗಳು ಓಗೊಡುವವೇ? ೧೯೯೦ರಲ್ಲಿ ಅಮೇರಿಕದ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ಮರಿಯಾ ಫಿಯಾಟರೋನೆ ಎಂಬ ವೈದ್ಯೆಯೂ ಸಂಗಡಿಗರೂ ೯೦ ವರ್ಷದ ಆಸುಪಾಸಿನ ಹತ್ತು ಮಂದಿ ನಿಶ್ಶಕ್ತರಿಗೆ ಕಾಲಿನಿಂದ ಭಾರವೆತ್ತುವ ಅಭ್ಯಾಸವನ್ನು ಮಾಡಿಸಿದರು. ಎಂಟು ವಾರಗಳನ್ನು ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲವು ಸರಾಸರಿ ನೂರಕ್ಕೆ ೧೭೪ರಷ್ಟು ಹೆಚ್ಚಿತು. ಅಂದರೆ ಮೊದಲಿದ್ದದ್ದರ ಎರಡೂವರೆ ಪಾಲಿಗಿಂತ ಮೇಲಾಯಿತು.

ಕೆನಡಾ ಮತ್ತು ಅಮೇರಿಕದ ಪಂಡಿತರು ೨೦೦೭ರಲ್ಲಿ ಪ್ರಕಟಿಸಿದ ಪರೀಕ್ಷೆಯು ವಂಶವಾಹಿಗಳನ್ನೇ ನೋಡಿತು. ಆರೋಗ್ಯವುಳ್ಳ ವೃದ್ಧರ ಮಾಂಸಖಂಡಗಳನ್ನು ತರುಣರವುಗಳೊಡನೆ ಹೋಲಿಸಿದಾಗ ನೂರಾರು ವಂಶವಾಹಿಗಳ ಚಟುವಟಿಕೆ ಬೇರೆಯಾಗಿತ್ತು. ಅವರಲ್ಲಿ ೧೪ ಮಂದಿ ವೃದ್ಧರು ಆರು ತಿಂಗಳು ಭಾರವೆತ್ತುವ ವ್ಯಾಯಾಮ ಮಾಡಿದರು. ವಯಸ್ಸಿನಿಂದಲೂ ವ್ಯಾಯಾಮದಿಂದಲೂ ಬದಲಾಗತಕ್ಕ ವಂಶವಾಹಿಗಳಲ್ಲಿ ಹೆಚ್ಚಿನವುಗಳ ಚಟುವಟಿಕೆ ತರುಣರ ಕಡೆಗೆ ತಿರುಗಿತು. ಮೊದಲು ತರುಣರಿಗಿಂತ ನೂರಕ್ಕೆ ೫೯ರಷ್ಟು ಬಲಹೀನರಾಗಿದ್ದವರು ಕಡೆಗೆ ೩೮ರಷ್ಟು ಮಾತ್ರ ಹಿಂದಿದ್ದರು. ಮುಪ್ಪು ನೀಗಿತೆಂದು ನಾವು ಹೇಳುವುದಿಲ್ಲ. ಆ ೩೮ ಉಳಿಯಿತು. ಆದರೆ ಕುರ್ಚಿಯಿಂದ ತಾನಾಗಿ ಏಳುವುದಕ್ಕೂ ಏಳಲಾರದೆ ಹೋಗುವುದಕ್ಕೂ ನಡುವಣ ಅಂತರವು ಎಷ್ಟೋ ಮನೆಗಳಲ್ಲಿ ಇಷ್ಟರೊಳಗೇ ಇರುವುದು.

೭. ಹೆಣ್ಣುಮಕ್ಕಳ ವಿಷಯವಾಗಿ

ಹರೆಯ ಬಂದ ಮೇಲೆ ಗಂಡಸರ ಮಾಂಸಖಂಡಗಳು ಸರಾಸರಿಯಾಗಿ ಹೆಚ್ಚು ದಪ್ಪವಾಗುವುದು ನಿಜ. ಟೆಸ್ಟೋಸ್ಟೆರೋನ್ ಎಂಬ ರಸವು ಅವರಲ್ಲಿ ಹೆಚ್ಚಾಗಿದ್ದು ವಂಶವಾಹಿಗಳನ್ನು ಕರೆಯುವುದೇ ಇದಕ್ಕೆ ಮುಖ್ಯ ಕಾರಣ. ಆದರೆ ಒಂದೇ ಕ್ರಮದಿಂದ ಅಭ್ಯಾಸಮಾಡಿದ ಸ್ತ್ರೀಯರು, ತಾವು ಹೊರಟ ಬಲಕ್ಕೆ ಹೋಲಿಸಿದರೆ, ಪುರುಷರಿಗಿಂತ ಕಡಿಮೆ ಪ್ರಮಾಣದಲ್ಲಿ ಮುಂದುವರಿಯುವುದಿಲ್ಲ. ಸ್ತ್ರೀಯರಿಗೆ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರವೆತ್ತುವ ಸ್ಪರ್ಧೆಯು ಮೊದಲು ದೊರೆತದ್ದು ೨೦೦೦ದಲ್ಲಿ ಸಿಡ್ನಿಯಲ್ಲಿ. ಆ ವರ್ಷವೇ ಆಂಧ್ರದ ಕರ್ಣಂ ಮಲ್ಲೇಶ್ವರಿ ಒಟ್ಟು ೨೪೦ ಕಿಲೋಗ್ರಾಂ ಎತ್ತಿ ಕಂಚಿನ ಪದಕವನ್ನು ಪಡೆದು, ಒಲಿಂಪಿಕ್ ಪದಕ ಗೆದ್ದ ಭಾರತದ ಪ್ರಥಮ ಸ್ತ್ರೀ ಎನಿಸಿಕೊಂಡಳು. ೨೦೨೧ರಲ್ಲಿ ತೋಕಿಯೋ ನಗರದಲ್ಲಿ ಮಣಿಪುರದ ಮೀರಾಬಾಯಿ ಚಾನು, ೪೯ ಕಿಲೋಗ್ರಾಂ ತೂಕದವರ ವರ್ಗದಲ್ಲಿ ೨೦೨ ಕಿಲೋಗ್ರಾಂ ಎತ್ತಿ ಬೆಳ್ಳಿಯ ಪದಕವನ್ನು ಗೆದ್ದಳು.

ನಮ್ಮ ಬಾಲಕಿಯರೆಲ್ಲರೂ ಪದಕ ಗೆಲ್ಲಬೇಕೆಂದು ನಾವು ಹೇಳುವವರಲ್ಲ. ಬಾಲ್ಯ ಯೌವನಗಳಲ್ಲಿ ಕೂಡಿಸಿಟ್ಟ ಎಲುಬಿನ ಗಟ್ಟಿತನವೂ ಮಾಂಸಖಂಡದ ಬಲವೂ ಮುಂದಿನ ಆಯುಷ್ಯಕ್ಕೆ ಇಟ್ಟ ಗಂಟೆಂದು ಹೇಳುತ್ತೇವೆ. ಮುಟ್ಟು ನಿಂತ ಮೇಲೆ ಸ್ತ್ರೀಯರ ಎಲುಬು ಬೇಗನೆ ಸವೆಯುವುದರಿಂದ ಈ ಗಂಟು ಅವರಿಗೆ ಹೆಚ್ಚು ಅವಶ್ಯ. ಲೋಕಾರೋಗ್ಯ ಸಂಸ್ಥೆಯು ೨೦೨೦ರಲ್ಲಿ ಕೊಟ್ಟ ಸಲಹೆಯ ಪ್ರಕಾರ, ೫ರಿಂದ ೧೭ ವರ್ಷದ ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷ ಮೈಯಾಡಿಸಿ ಆಡಬೇಕು. ವಾರದಲ್ಲಿ ಮೂರು ದಿನವಾದರೂ ಎಲುಬು ಮಾಂಸಖಂಡಗಳಿಗೆ ಬಲಕೊಡುವ ಆಟವಿರಬೇಕು. ದೊಡ್ಡವರಿಗೂ ವೃದ್ಧರಿಗೂ ವಾರಕ್ಕೆ ಎರಡು ದಿನವಾದರೂ ಬಲಸಾಧನೆ ಬೇಕು.

ಇದಕ್ಕೆ ಬೆಲೆಯುಳ್ಳ ಯಂತ್ರಗಳು ಬೇಕಾಗಿಲ್ಲ. ಕೈಯೂರದೆ ಕುರ್ಚಿಯಿಂದ ಹತ್ತು ಸಾರಿ ಏಳುವುದು, ಗೋಡೆಯನ್ನು ಅಂಗೈಗಳಿಂದ ನೂಕುವುದು, ನೀರು ತುಂಬಿದ ಶೀಸೆಗಳನ್ನು ಎತ್ತುವುದು, ಮೆಟ್ಟಲು ಹತ್ತುವುದು ಸಾಕು. ಹಗುರವೆಂದು ತೋರಿದ ಕೂಡಲೇ ಭಾರವನ್ನಾಗಲಿ ಸಂಖ್ಯೆಯನ್ನಾಗಲಿ ಸ್ವಲ್ಪ ಹೆಚ್ಚಿಸಬೇಕು. ಯಾಕಂದರೆ ಹಗುರವಾದ ಕೆಲಸವು ವಂಶವಾಹಿಗಳನ್ನು ಮೊದಲಿನಂತೆ ಕರೆಯಲಾರದು. ಕಟ್ಟಡಕ್ಕೆ ಸಾಮಗ್ರಿಯೂ ಬೇಕಾದುದರಿಂದ ಬೇಳೆ ಕಾಳು, ಹಾಲು, ಮೊಟ್ಟೆ, ಮೀನು ಮೊದಲಾದವುಗಳಲ್ಲಿ ಅನುಕೂಲವಿದ್ದದ್ದನ್ನು ಮಗನಿಗೆ ಬಡಿಸುವಷ್ಟೇ ಮಗಳಿಗೂ ಬಡಿಸಬೇಕು. ಹೃದಯರೋಗ, ರಕ್ತದೊತ್ತಡ, ಕೀಲುನೋವು ಮುಂತಾದವುಗಳಿರುವವರು ವೈದ್ಯರನ್ನು ಕೇಳಿಕೊಂಡೇ ತೊಡಗತಕ್ಕದ್ದು.

ಸುವಾರ್ತೆಯಲ್ಲಿ ಹೇಳಿರುವ ತಲಾಂತುಗಳ ಸಾಮ್ಯವನ್ನು ಈ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು ಕೊಡಲ್ಪಟ್ಟಿತು. ಲೆಕ್ಕ ಕೇಳುವಾಗ ಯಜಮಾನನು ವಿಚಾರಿಸಿದ್ದು ಯಾರಿಗೆ ಎಷ್ಟು ಸಿಕ್ಕಿತೆಂಬುದನ್ನಲ್ಲ. ಸಿಕ್ಕಿದ್ದನ್ನು ಏನು ಮಾಡಿದಿರೆಂಬುದನ್ನು. ವಂಶವಾಹಿಗಳಲ್ಲಿಯೂ ನಮಗೆ ದೊರೆತ ಪಾಲುಗಳು ಸಮವಲ್ಲ. ಆದರೆ ಯಾರ ಪಾಲೂ ಹೂತಿಡತಕ್ಕದ್ದಲ್ಲ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರು ತಮ್ಮ ಮನೆಯ ವೃದ್ಧರನ್ನು ಈ ವಾರವೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಯಿಸಲಿ. ತಂದೆತಾಯಂದಿರು ಸಾಯಂಕಾಲದ ಒಂದು ಗಂಟೆಯನ್ನು ಮಗಳ ಆಟಕ್ಕೆ ಬಿಟ್ಟುಕೊಡಲಿ. ಇದೇ ನಮ್ಮ ವಿಜ್ಞಾಪನೆ.